ಅಕ್ವೇರಿಯಂ ನೀರಿನಲ್ಲಿ ಕರೆಂಟ್: ಅಳೆಯುವುದು, ಹುಡುಕುವುದು, ಅರ್ತಿಂಗ್ ಸರಿಪಡಿಸುವುದು

ಮೀನಿನ ಟ್ಯಾಂಕಿಗೆ ಕೈ ಹಾಕಿದಾಗ ಬೆರಳು ಜುಮ್ಮೆನ್ನುತ್ತದೆ. ಉಗುರಿನ ಬುಡದಲ್ಲಿ ಸಣ್ಣ ಗಾಯವಿದ್ದರೆ ಅಲ್ಲಿ ಚುರ್ರೆನ್ನುತ್ತದೆ. ಲೈಟಿನ ಅಲ್ಯೂಮಿನಿಯಂ ಪಟ್ಟಿಗೆ ಒದ್ದೆ ಕೈ ತಾಗಿದರೆ ಇರುವೆ ಕಚ್ಚಿದಂತಾಗುತ್ತದೆ. 'ಸ್ವಲ್ಪ ಅರ್ತ್ ಹೊಡೀತದೆ, ಅಷ್ಟೇ' ಎಂದು ಸುಮ್ಮನಾಗುವವರೇ ಹೆಚ್ಚು. ಇವುಗಳಲ್ಲಿ ಕೆಲವು ನಿಜಕ್ಕೂ ನಿರಪಾಯ, ಕೆಲವು ಜೀವಕ್ಕೇ ಕುತ್ತು. ಯಾವುದು ಯಾವುದೆಂದು ಕೈಗೆ ತಿಳಿಯುವುದಿಲ್ಲ, ಮೀಟರ್ ಹಿಡಿದೇ ನೋಡಬೇಕು.

ಮೊದಲು ಒಂದು ನಿಯಮ. ಟ್ಯಾಂಕಿಗೆ ಕೈ ಹಾಕುವ ಮುಂಚೆ ನೀರಿಗೆ ಸಂಬಂಧಪಟ್ಟ ಎಲ್ಲ ಪ್ಲಗ್‌ಗಳನ್ನೂ ಸಾಕೆಟ್‌ನಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಹಳೇ ಮನೆಗಳ ವೈರಿಂಗ್‌ನಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ ತಂತಿಯಲ್ಲಿ ಕೂತಿರುವುದು ಅಪರೂಪವಲ್ಲ. ಹಾಗಿದ್ದರೆ ಸ್ವಿಚ್ ಆರಿಸಿದಾಗ ಪಂಪು ನಿಲ್ಲುತ್ತದೆ, ಆದರೆ 230 ವೋಲ್ಟ್ ಪಂಪಿನ ಕಾಯಿಲಿನವರೆಗೂ ಬಂದು ನಿಂತೇ ಇರುತ್ತದೆ.

ನೀರಿಗೆ ವೋಲ್ಟೇಜ್ ಬರುವ ಎರಡು ದಾರಿ

ಒಂದನೆಯದು ಇಂಡಕ್ಷನ್. ನೀರಲ್ಲಿ ಮುಳುಗಿದ ಪಂಪಿನ ಕಾಯಿಲು ಎಪಾಕ್ಸಿ ಎಂಬ ಗಟ್ಟಿ ಅಂಟಿನೊಳಗೆ ಹುದುಗಿರುತ್ತದೆ, ನೀರಿಗೆ ತಾಗಿರುವುದಿಲ್ಲ. ಆದರೂ 50 ಹರ್ಟ್ಸ್ ಎ.ಸಿ. ಆದ್ದರಿಂದ ಆ ನಿರೋಧಕ ಪದರದ ಆಚೆಗೂ ಅತಿ ಸಣ್ಣ ಕರೆಂಟ್ ದಾಟುತ್ತದೆ. ಹೀಟರ್, ಪವರ್ ಫಿಲ್ಟರ್, ವೇವ್‌ಮೇಕರ್ (ನೀರಲ್ಲಿ ಅಲೆ ಎಬ್ಬಿಸುವ ಪಂಪು) ಎಲ್ಲವೂ ತಮ್ಮ ಪಾಲು ಸೇರಿಸುತ್ತವೆ. ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸುಮಾರು 10 ಮೆಗಾಓಮ್. ಅಷ್ಟು ಸೂಕ್ಷ್ಮವಾದ ಮೀಟರ್ ಇಂಥ ಕಡೆ 20, 40, ಕೆಲವೊಮ್ಮೆ 80 ವೋಲ್ಟ್ ಕೂಡ ತೋರಿಸುತ್ತದೆ. ಅದರ ಹಿಂದಿರುವ ಕರೆಂಟ್ ಮೈಕ್ರೋಆಂಪಿಯರ್ ಲೆಕ್ಕದ್ದು. ಮೀನಿಗೂ ತೊಂದರೆಯಿಲ್ಲ, ನಿಮಗೂ ಇಲ್ಲ.

ಎರಡನೆಯದು ನಿಜವಾದ ಸೋರಿಕೆ. ಹೀಟರಿನ ಗಾಜು ಕೂದಲೆಳೆಯಷ್ಟು ಬಿರಿದಿದೆ, ಪಂಪಿನ ವೈರು ಗಾಜಿನ ಅಂಚಿಗೆ ಉಜ್ಜಿ ಸವೆದಿದೆ, ಎಪಾಕ್ಸಿ ಸೀಳಿದೆ. ಇಲ್ಲಿ ನೀರು ಫೇಸ್ ತಂತಿಗೇ ತಾಗಿರುತ್ತದೆ. ಮೀಟರಿನಲ್ಲಿ ಅದೇ 40 ವೋಲ್ಟ್ ಕಂಡರೂ ಕಂಡೀತು, ಆದರೆ ಅದರ ಹಿಂದೆ ಆಳನ್ನು ಕೊಲ್ಲುವಷ್ಟು ಕರೆಂಟ್ ಕಾದಿರುತ್ತದೆ. 1 ಮಿಲಿಆಂಪ್ ಹೊತ್ತಿಗೆ ಜುಮ್ಮೆನ್ನುವುದು ಗೊತ್ತಾಗುತ್ತದೆ. 10 ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗದಿರಬಹುದು. 30ರ ಮೇಲೆ ಹೃದಯದ ಬಡಿತಕ್ಕೇ ಅಪಾಯ.

ಸ್ಕ್ರೂಡ್ರೈವರ್ ಟೆಸ್ಟರನ್ನು ನೀರಿಗೆ ಅದ್ದಿ ನೋಡುವ ಪದ್ಧತಿ ಎಲ್ಲ ಕಡೆ ಇದೆ. ಅದರ ನಿಯಾನ್ ದೀಪಕ್ಕೆ ಮೈಕ್ರೋಆಂಪಿಯರ್ ಸಾಕು, ಇಂಡಕ್ಷನ್‌ಗೂ ಉರಿಯುತ್ತದೆ. ಉರಿದರೆ ಅಪಾಯವಿದೆ ಎಂದೂ ಅಲ್ಲ, ಉರಿಯದಿದ್ದರೆ ಇಲ್ಲ ಎಂದೂ ಅಲ್ಲ. ಈ ಕೆಲಸಕ್ಕೆ ಅದನ್ನು ಬಳಸಲೇಬೇಡಿ.

ಅಳೆಯುವ ಕ್ರಮ

ಬೇಕಾದದ್ದು ಒಂದು ಡಿಜಿಟಲ್ ಮಲ್ಟಿಮೀಟರ್ ಮತ್ತು 10 ಕಿಲೋಓಮ್, 10 ವ್ಯಾಟಿನ ಒಂದು ರೆಸಿಸ್ಟರ್ (ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಕೇಳಿ, ಬಿಳಿ ಸಿಮೆಂಟ್ ಕಡ್ಡಿಯಂತಿರುತ್ತದೆ). ಕಾಲು ವ್ಯಾಟಿನ ಪುಟ್ಟ ರೆಸಿಸ್ಟರ್ ತರಬೇಡಿ. ನೀರಲ್ಲಿ ಪೂರ್ತಿ 230 ವೋಲ್ಟ್ ಇದ್ದರೆ ರೆಸಿಸ್ಟರಿನ ಮೇಲೆ 5 ವ್ಯಾಟಿಗೂ ಹೆಚ್ಚು ಬೀಳುತ್ತದೆ, ಚಿಕ್ಕದು ಸುಟ್ಟುಹೋಗುತ್ತದೆ. ಕಾಲಲ್ಲಿ ಒಣ ಚಪ್ಪಲಿ ಇರಲಿ, ನಿಲ್ಲಲು ಒಣ ಮಣೆಯೋ ಹಲಗೆಯೋ ಇರಲಿ. ಮೀಟರಿನ ಕೆಂಪು ವೈರು ವೋಲ್ಟಿನ ತೂತಿನಲ್ಲೇ ಇದೆಯೇ ಎಂದು ಎರಡು ಸಲ ನೋಡಿ. 10 ಆಂಪಿನ ತೂತಿನಲ್ಲಿಟ್ಟು ಸಾಕೆಟ್ಟಿಗೆ ಚುಚ್ಚಿದರೆ ಶಾರ್ಟ್ ಆಗುತ್ತದೆ.

1. ಮೊದಲು ಅರ್ತನ್ನೇ ಪರೀಕ್ಷಿಸಿ. ಮೀಟರ್ ಎ.ಸಿ. 600 ಅಥವಾ 750 ವೋಲ್ಟಿನಲ್ಲಿರಲಿ. ಮೂರು ಪಿನ್ನಿನ ಸಾಕೆಟ್ಟಿಗೆ ಎದುರಾಗಿ ನಿಂತರೆ ಮೇಲಿನ ದೊಡ್ಡ ತೂತು ಅರ್ತ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್–ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ತ್ ನಡುವೆ ಕೆಲವೇ ವೋಲ್ಟ್ ಬರಬೇಕು. ಫೇಸ್–ಅರ್ತ್ 100ರ ಆಸುಪಾಸಿನಲ್ಲಿ ತೂಗಾಡುತ್ತಿದ್ದರೆ ಅರ್ತ್ ತಂತಿ ಎಲ್ಲೋ ಕಡಿದಿದೆ. ಅಲ್ಲಿಗೇ ನಿಲ್ಲಿಸಿ, ಅದನ್ನು ಸರಿ ಮಾಡಿಸಿ ಮುಂದುವರಿಯಿರಿ.

2. ಟ್ಯಾಂಕಿನ ಎಲ್ಲ ಸಾಧನಗಳನ್ನೂ ಚಾಲೂ ಮಾಡಿ. ಖಾಲಿ ಇರುವ, ಸ್ವಿಚ್ ಆರಿಸಿದ ಒಂದು ಸಾಕೆಟ್ಟಿನ ಅರ್ತ್ ತೂತಿಗೆ ಕಪ್ಪು ಕಡ್ಡಿ ಹಾಕಿ. ಸ್ವಿಚ್ ಆರಿಸಿದರೂ ಅರ್ತ್ ಕಡಿಯುವುದಿಲ್ಲ, ಹಾಗಾಗಿ ಅಳತೆಗೆ ಅಡ್ಡಿಯಿಲ್ಲ. ಕೆಂಪು ಕಡ್ಡಿಯ ತುದಿಯನ್ನಷ್ಟೇ ನೀರಿಗೆ ಅದ್ದಿ, ಬಂದ ಅಂಕಿ ಬರೆದುಕೊಳ್ಳಿ.

3. ಈಗ ಒಂದೊಂದೇ ಪ್ಲಗ್ ಕೀಳುತ್ತ ಪ್ರತಿ ಸಲವೂ ಅಂಕಿ ಬರೆಯಿರಿ. ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂದರೆ ಇಂಡಕ್ಷನ್ ಇರಬಹುದು. ಒಂದು ಪ್ಲಗ್ ಕಿತ್ತ ಕೂಡಲೇ ಧಡಕ್ಕನೆ ಇಳಿದರೆ ಅನುಮಾನ ಆ ಸಾಧನದ ಮೇಲೆ.

4. ನಿರ್ಣಯ ಮಾಡುವುದು ರೆಸಿಸ್ಟರ್. ಮೀಟರಿನ ಎರಡು ಕಡ್ಡಿಗಳ ನಡುವೆ ಅದು ಅಡ್ಡವಾಗಿ ಬರುವಂತೆ ಕ್ಲಿಪ್ ಅಥವಾ ಪ್ಲಾಸ್ಟಿಕ್ ಕನೆಕ್ಟರಿನಲ್ಲಿ ಕೂರಿಸಿ (ಬೆರಳಲ್ಲಿ ಹಿಡಿಯಬೇಡಿ), ಮತ್ತೆ ಅಳೆಯಿರಿ. ಇಂಡಕ್ಷನ್ ಆದರೆ 40 ವೋಲ್ಟ್ ಇದ್ದದ್ದು 1–2 ವೋಲ್ಟಿಗೆ ಕುಸಿಯುತ್ತದೆ. ಸೋರಿಕೆಯಾದರೆ ಜಗ್ಗುವುದಿಲ್ಲ. 10 ಕಿಲೋಓಮಿನ ಮೇಲೆ 30 ವೋಲ್ಟ್ ಉಳಿದರೆ 3 ಮಿಲಿಆಂಪ್ ಹರಿಯುತ್ತಿದೆ ಎಂದರ್ಥ. 5 ವೋಲ್ಟ್ ಉಳಿದರೂ ಆ ಸಾಧನವನ್ನು ಎಸೆಯಿರಿ. ಈ ಹಂತದಲ್ಲಿ ಆರ್‌ಸಿಸಿಬಿ (ಸೋರಿಕೆ ಕಂಡರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಬಿದ್ದರೆ ಅದೂ ಒಂದು ಉತ್ತರವೇ.

ಸೋರುವ ಹೀಟರನ್ನಾಗಲಿ ಪಂಪನ್ನಾಗಲಿ ಎಂ-ಸೀಲ್, ಸಿಲಿಕಾನ್ ಹಚ್ಚಿ ಮತ್ತೆ ನೀರಿಗಿಳಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಹೊರಗಿನ ಬಿರುಕು ಮುಚ್ಚಿದರೂ ಒಳಗೆ ಸೇರಿದ ತೇವ ಅಲ್ಲೇ ಇರುತ್ತದೆ, ಬಿಸಿಯಾದಾಗ ಹಿಗ್ಗಿ ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತದೆ. ವೈರು ಕತ್ತರಿಸಿ ಎಸೆದರೆ ಬೇರೆ ಯಾರೂ ಬಳಸದಂತಾಗುತ್ತದೆ.

ಎಂಸಿಬಿ ಇದ್ದರೆ ಸಾಲದೇ?

ಸಾಲದು. ಎಂಸಿಬಿ ಎಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು. ಕರಾವಳಿ ಮತ್ತು ಘಟ್ಟದ ಮೇಲಿನ ಮನೆಗಳಲ್ಲಿ ಯಾಕೆ ಸಾಲದು ಎನ್ನುವುದಕ್ಕೆ ಸರಳ ಲೆಕ್ಕವಿದೆ. ನಮ್ಮಲ್ಲಿ ಬಹುಪಾಲು ಮನೆಗಳಿಗೆ ಅರ್ತ್ ಸಿಗುವುದು ಅಂಗಳದ ಸ್ವಂತ ಗುಂಡಿಯಿಂದ. ಕಾರವಾರ, ಅಂಕೋಲೆ ಕಡೆ ಸಮುದ್ರದ ಪಕ್ಕ ಮರಳು, ಸ್ವಲ್ಪ ಒಳಗೆ ಬಂದರೆ ಚಿರೆಕಲ್ಲು. ಶಿರಸಿ, ಸಿದ್ದಾಪುರದಲ್ಲೂ ಅಗೆದಲ್ಲೆಲ್ಲ ಜಂಬಿಟ್ಟಿಗೆಯ ಗಟ್ಟಿ ನೆಲ. ಮಳೆಗಾಲದಲ್ಲಿ ಈ ನೆಲ ನೀರುಂಡು ಅರ್ತ್ ಚೆನ್ನಾಗಿರುತ್ತದೆ. ಏಪ್ರಿಲ್ ಹೊತ್ತಿಗೆ ಒಣಗಿ ಗುಂಡಿಯ ರೋಧ ಹಲವು ಪಟ್ಟು ಏರುತ್ತದೆ.

ಗುಂಡಿಯ ರೋಧ 60 ಓಮ್ ಎಂದುಕೊಳ್ಳಿ. ಫೇಸ್ ತಂತಿ ನೇರವಾಗಿ ಅರ್ತಿಗೆ ತಾಗಿದರೂ 230 ಭಾಗ 60, ಅಂದರೆ 4 ಆಂಪಿಯರಿಗೂ ಕಡಿಮೆ ಹರಿಯುತ್ತದೆ. 6 ಆಂಪಿನ ಎಂಸಿಬಿ ಕೂಡ ಬೀಳುವುದಿಲ್ಲ, 16ರದ್ದಂತೂ ಅಲ್ಲಾಡುವುದಿಲ್ಲ. ಅಷ್ಟೇ ಅಲ್ಲ, ಅರ್ತ್ ತಂತಿಯೇ ಜೀವಂತವಾಗಿ ಫ್ರಿಜ್, ಮಿಕ್ಸರ್, ವಾಷಿಂಗ್ ಮಷಿನ್ ಎಲ್ಲದರ ಮೈಮೇಲೂ ವೋಲ್ಟೇಜ್ ಬರುತ್ತದೆ. ಎಂಸಿಬಿ ಇರುವುದು ವೈರಿಂಗ್ ಸುಡದಂತೆ ಕಾಯಲಿಕ್ಕೆ. ಮನುಷ್ಯರನ್ನು ಕಾಯುವುದು ಅದರ ಕೆಲಸವಲ್ಲ.

ಆರ್‌ಸಿಸಿಬಿ (ವೈರಿಂಗ್‌ನವರ ಬಾಯಲ್ಲಿ ಈಗಲೂ ಇಎಲ್‌ಸಿಬಿ) ಫೇಸಿನಲ್ಲಿ ಹೋದ ಕರೆಂಟೂ ನ್ಯೂಟ್ರಲ್‌ನಲ್ಲಿ ಮರಳಿದ್ದೂ ಸಮವೇ ಎಂದು ಸದಾ ತೂಗುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪ್ ಮುಟ್ಟಿದರೆ 0.3 ಸೆಕೆಂಡಿನೊಳಗೆ ಬೀಳಬೇಕು, 150 ಮಿಲಿಆಂಪ್ ಆದರೆ 0.04 ಸೆಕೆಂಡಿನೊಳಗೆ. ಅದೇ 60 ಓಮಿನ ಕೆಟ್ಟ ಅರ್ತಿನಲ್ಲೂ, 200 ಓಮಿನ ಇನ್ನೂ ಕೆಟ್ಟದ್ದರಲ್ಲೂ ಇದು ಕೆಲಸ ಮಾಡುತ್ತದೆ. ಆದ್ದರಿಂದ ಟ್ಯಾಂಕಿಗೆ ಖರ್ಚು ಮಾಡುವ ಮೊದಲ ಹಣ ಇದಕ್ಕೇ ಹೋಗಲಿ. ಹೊಸ ಫಿಲ್ಟರ್, ಹೊಸ ಲೈಟು ಆಮೇಲೆ.

ಕೊಳ್ಳುವಾಗ ಎರಡು ಪೋಲ್, 25 ಅಥವಾ 40 ಆಂಪ್, 30 ಮಿಲಿಆಂಪ್ ಎಂದು ಸ್ಪಷ್ಟವಾಗಿ ಹೇಳಿ. ಮೀಟರ್ ಬೋರ್ಡಿನಲ್ಲಿ ಈಗಾಗಲೇ ಒಂದಿದ್ದರೆ ಅದರ ಮೇಲೆ ಬರೆದದ್ದನ್ನು ಓದಿ. 100 ಅಥವಾ 300 ಮಿಲಿಆಂಪಿನದಾದರೆ ಅದು ಬೆಂಕಿ ತಡೆಯಲಿಕ್ಕೆ ಹಾಕಿದ್ದು, ನಿಮ್ಮ ಕೈಯನ್ನು ಕಾಯುವುದಿಲ್ಲ. ಡಿ.ಸಿ. ಪಂಪು, ಎಲ್‌ಇಡಿ ಡ್ರೈವರ್ ಇರುವ ಟ್ಯಾಂಕಿಗೆ 'ಎಸಿ' ಟೈಪಿಗಿಂತ 'ಎ' ಟೈಪ್ ಒಳ್ಳೆಯದು. ಎಲೆಕ್ಟ್ರಾನಿಕ್ ಸಾಧನಗಳ ಏರುಪೇರಿನ ಸೋರಿಕೆಯನ್ನು ಅದು ಗುರುತಿಸುತ್ತದೆ.

ಟ್ಯಾಂಕಿನ ಲೈನಿಗೆ ಪ್ರತ್ಯೇಕ ಆರ್‌ಸಿಸಿಬಿ ಹಾಕಿಸಿ. ಇಡೀ ಮನೆಗೆ ಒಂದೇ ಇದ್ದರೆ ಮಳೆಗಾಲದಲ್ಲಿ ಗೋಡೆ ಬೆವೆತು ಸ್ವಿಚ್‌ಬೋರ್ಡುಗಳಿಂದ ಇಷ್ಟಿಷ್ಟು, ಪ್ರತಿ ಅಡಾಪ್ಟರಿನಿಂದ ಇಷ್ಟಿಷ್ಟು ಸೋರಿ, ಕೂಡಿ 15–20 ಮಿಲಿಆಂಪ್ ಆಗುತ್ತದೆ. 30ರ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ದಿನಕ್ಕೆ ನಾಲ್ಕು ಸಲ ಬಿದ್ದರೆ ಮನೆಯವರು ಬೇಸತ್ತು 'ಬೈಪಾಸ್ ಮಾಡಿಬಿಡಿ' ಎನ್ನುತ್ತಾರೆ. ಜೂನ್‌ನಲ್ಲಿ ಕಿತ್ತು ಹಾಕಿದ ಇಎಲ್‌ಸಿಬಿ ಮತ್ತೆ ಕೂರುವುದೇ ಇಲ್ಲ. ಅದಕ್ಕೇ ಪ್ರತ್ಯೇಕ ಲೈನ್.

ಪ್ರತ್ಯೇಕ ಲೈನಿನ ನ್ಯೂಟ್ರಲ್ ಬೇರೆ ಲೈನಿನ ನ್ಯೂಟ್ರಲ್‌ಗೆ ಎಲ್ಲೂ ಸೇರಬಾರದು. ಸೇರಿದರೆ ಪಂಪ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ, ತಪ್ಪಿಲ್ಲದ ಪಂಪಿನ ಮೇಲೆ ಅನುಮಾನ ಬರುತ್ತದೆ. ಇನ್ವರ್ಟರ್ ಇರುವ ಮನೆಗಳಲ್ಲಿ ಈ ಎಡವಟ್ಟು ಪದೇ ಪದೇ ಕಾಣುತ್ತದೆ.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಉಪ್ಪುಗಾಳಿಗೆ ಒಳಗಿನ ಸ್ಪ್ರಿಂಗು ಜಡ್ಡುಗಟ್ಟಿದರೆ ಬೇಕಾದ ಹೊತ್ತಿನಲ್ಲಿ ಬೀಳುವುದಿಲ್ಲ. ಆ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ. ಅಂಗಳದ ಅರ್ತ್ ಪೂರ್ತಿ ಕಡಿದಿದ್ದರೂ ಬಟನ್ ಒತ್ತಿದರೆ ಅದು ಬೀಳುತ್ತದೆ. ಆದ್ದರಿಂದ ಬಟನ್ ಸರಿಯಿದೆ ಎಂದು ಅರ್ತ್ ಸರಿಯಿದೆ ಎಂದುಕೊಳ್ಳಬೇಡಿ.

ಅರ್ತ್ ಗುಂಡಿ

ಗ್ಯಾಲ್ವನೈಸ್ಡ್ ಪೈಪಿನ ಗುಂಡಿಯಾದರೆ ಪೈಪು ಸುಮಾರು 40 ಮಿ.ಮೀ. ದಪ್ಪ, ಎರಡೂವರೆ ಮೀಟರ್ ಉದ್ದ ಇರಬೇಕು, ಮನೆಯ ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರ. ಸುತ್ತ ಇದ್ದಿಲು, ಉಪ್ಪು ತುಂಬುವುದು ಹಳೇ ಕ್ರಮ. ಉಪ್ಪು ತೇವ ಹಿಡಿಯುತ್ತದೆ ನಿಜ, ಪೈಪನ್ನು ತಿನ್ನುವುದೂ ಅದೇ. ಕಡಲತೀರದಲ್ಲಿ ತಾಮ್ರ ಲೇಪಿಸಿದ ರಾಡು, ಸುತ್ತ ಬೆಂಟೋನೈಟ್ (ತೇವ ಹಿಡಿದಿಡುವ ಜೇಡಿ) ಹಾಕಿಸುವುದು ಲೇಸು. ಜಾಗ ಆರಿಸುವಾಗ ಬಾವಿಕಟ್ಟೆ ಅಥವಾ ಬಚ್ಚಲ ನೀರು ಹೋಗುವ ಕಡೆ, ಬೇಸಿಗೆಯಲ್ಲೂ ತೇವ ಆರದ ತಗ್ಗು ನೋಡಿ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಒಂದೆರಡು ಕೊಡ ನೀರು ಹಾಕಿ. ಗುಂಡಿ ಸರಿಯಿದ್ದರೂ ಪೈಪಿಗೆ ತಂತಿ ಬಿಗಿದ ನಟ್-ಬೋಲ್ಟು ತುಕ್ಕು ಹಿಡಿದು ಸಡಿಲಾಗಿರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ಉಜ್ಜಿ, ಬಿಗಿದು ಗ್ರೀಸ್ ಹಚ್ಚಿ. ರೋಧ ಎಷ್ಟಿದೆ ಎಂದು ಅರ್ತ್ ಟೆಸ್ಟರ್ ಇರುವ ಎಲೆಕ್ಟ್ರಿಶಿಯನ್‌ರಿಂದ ಮೇ ತಿಂಗಳಲ್ಲಿ ಅಳೆಸಿ. ಆಗಸ್ಟಿನ ಅಳತೆ ನೋಡಿ ಸಮಾಧಾನಪಡುವುದರಲ್ಲಿ ಅರ್ಥವಿಲ್ಲ.

ಅರ್ತ್ ಇಲ್ಲದ ಹಳೇ ಮನೆಯಲ್ಲಿ ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿನಿಂದಲೇ ಒಂದು ತುಂಡು ತಂತಿ ಎಳೆದು ಅರ್ತ್ ಪಿನ್ನಿಗೆ ಕೊಡುವುದುಂಟು. ಮೀಟರಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕಂಬದ ನ್ಯೂಟ್ರಲ್ ಕಡಿದ ದಿನ ಟ್ಯಾಂಕಿನ ಲೈಟು, ಫ್ರಿಜ್ಜು ಎಲ್ಲದರ ಲೋಹದ ಮೈ 230 ವೋಲ್ಟಿಗೆ ಏರುತ್ತದೆ. ಇದಕ್ಕಿಂತ ಅರ್ತ್ ಇಲ್ಲದಿರುವುದೇ ವಾಸಿ. ಬೋರ್ಡು ಬಿಚ್ಚಿಸಿ ನೋಡಿ.

ನೀರಿಗೆ ಅರ್ತಿಂಗ್ ಪ್ರೋಬ್ ಬೇಕೇ?

ಪ್ರೋಬ್ ಎಂದರೆ ನೀರಲ್ಲಿ ಮುಳುಗಿಸಿ ಅರ್ತ್ ತಂತಿಗೆ ಜೋಡಿಸುವ ಟೈಟೇನಿಯಂ ಕಡ್ಡಿ. ಅಂಗಡಿಯವರು ಇದನ್ನೇ ಮೊದಲು ಮಾರುತ್ತಾರೆ, ಆದರೆ ಕೊನೆಯಲ್ಲಿ ಹಾಕಬೇಕಾದದ್ದು ಇದು.

ಪ್ರೋಬ್ ಇಲ್ಲದ ಗಾಜಿನ ಟ್ಯಾಂಕಿನ ನೀರು ನೆಲದಿಂದ ಬೇರ್ಪಟ್ಟಿರುತ್ತದೆ. ಪಂಪು ಸೋರಿದರೆ ಇಡೀ ನೀರು ಒಂದೇ ವೋಲ್ಟೇಜಿಗೆ ಏರಿ ನಿಲ್ಲುತ್ತದೆ. ಕರೆಂಟ್ ಹರಿದು ಹೋಗಲು ದಾರಿಯಿಲ್ಲದ್ದರಿಂದ, ತಂತಿಯ ಮೇಲೆ ಕೂತ ಹಕ್ಕಿಯ ಹಾಗೆ, ಮೀನಿಗೆ ಏನೂ ಆಗುವುದಿಲ್ಲ. ಅಪಾಯ ಕೈ ಹಾಕುವವರಿಗೆ. ಆರ್‌ಸಿಸಿಬಿ ಇಲ್ಲದೆ ಪ್ರೋಬ್ ಮಾತ್ರ ಹಾಕಿದರೆ ಕರೆಂಟಿಗೆ ದಾರಿ ಸಿಕ್ಕಿತು. ಅದು ಪಂಪಿನಿಂದ ಪ್ರೋಬಿನವರೆಗೆ ನೀರಿನ ಮೂಲಕ, ನಡುವಿನ ಮೀನಿನ ಮೂಲಕ, ನಿಲ್ಲದೆ ಹರಿಯುತ್ತದೆ. ನಮ್ಮ ಬಾವಿಗಳಂಥ ಮೆದು (ಲವಣ ಕಡಿಮೆಯಿರುವ) ನೀರಿನಲ್ಲಿ ಇದು ಇನ್ನೂ ಕೆಟ್ಟದ್ದು. ಸಿಹಿನೀರಿಗಿಂತ ಮೀನಿನ ಮೈಯಲ್ಲಿ ಕರೆಂಟ್ ಸುಲಭವಾಗಿ ಹರಿಯುವುದರಿಂದ ಅದು ಮೀನನ್ನೇ ಹುಡುಕಿ ಹೋಗುತ್ತದೆ. ಉಪ್ಪುನೀರು ತಾನೇ ಒಳ್ಳೆಯ ವಾಹಕವಾದ್ದರಿಂದ ಅಲ್ಲಿ ಬಹುಪಾಲು ಕರೆಂಟ್ ಮೀನನ್ನು ಬಿಟ್ಟು ಸುತ್ತಲಿನ ನೀರಲ್ಲೇ ಹಾದುಹೋಗುತ್ತದೆ.

ಆರ್‌ಸಿಸಿಬಿಯೂ ಪ್ರೋಬೂ ಎರಡೂ ಇದ್ದರೆ ಚಿತ್ರ ಬದಲಾಗುತ್ತದೆ. ಸೋರಿಕೆ 30 ಮಿಲಿಆಂಪ್ ಮುಟ್ಟಿದ ಕ್ಷಣ ಲೈನ್ ಕಡಿಯುತ್ತದೆ. ಸೋರಿಕೆಯನ್ನು ಕಂಡುಹಿಡಿಯಲು ಮನುಷ್ಯರ ಕೈಯೇ ನೀರಿಗೆ ಬೀಳಬೇಕೆಂದಿಲ್ಲ. ಮಕ್ಕಳಿರುವ ಮನೆಗೆ, ಉಪ್ಪುನೀರಿನ ಟ್ಯಾಂಕಿಗೆ ಈ ಜೋಡಿ ಖಂಡಿತ ಬೇಕು.

ಹಾಕುವ ಮುಂಚೆ ಅರ್ತ್ ತಂತಿ ತಾನೇ ಶುದ್ಧವಿದೆಯೇ ನೋಡಿ. ಗೀಸರೋ ಬಾವಿಯ ಪಂಪೋ ಸೋರುತ್ತಿದ್ದು ಗುಂಡಿ ಒಣಗಿದ್ದರೆ ಅರ್ತ್ ತಂತಿಯಲ್ಲೇ ವೋಲ್ಟೇಜ್ ಇರುತ್ತದೆ, ಪ್ರೋಬ್ ಅದನ್ನು ತಂದು ಟ್ಯಾಂಕಿಗೆ ಬಿಡುತ್ತದೆ. ಅಂಗಳದ ಹಸಿ ನೆಲಕ್ಕೆ, ಗುಂಡಿಯಿಂದ ಐದಾರು ಮೀಟರ್ ದೂರದಲ್ಲಿ ಒಂದು ಕಬ್ಬಿಣದ ಸಲಾಕೆ ಹೊಡೆದು, ಅಲ್ಲಿಂದ ಉದ್ದನೆಯ ವೈರು ಎಳೆದು, ಸಾಕೆಟ್ಟಿನ ಅರ್ತ್ ತೂತಿಗೂ ಅದಕ್ಕೂ ನಡುವೆ ಅಳೆಯಿರಿ. ಗೀಸರು, ಪಂಪು, ಫ್ರಿಜ್ಜು ಎಲ್ಲ ಚಾಲೂ ಇರಲಿ, ರೆಸಿಸ್ಟರೂ ಇರಲಿ. ಒಂದೆರಡು ವೋಲ್ಟಿಗಿಂತ ಹೆಚ್ಚು ಬಂದರೆ ಪ್ರೋಬಿನ ಮಾತು ಆಮೇಲೆ, ಮೊದಲು ಮನೆಯ ಸೋರಿಕೆ ಹುಡುಕಿಸಿ.

ತಾಮ್ರದ ತಂತಿಯನ್ನು ನೀರಿಗೆ ಇಳಿಸಲೇಬೇಡಿ. ತಾಮ್ರ ಕರಗಿ ಸಿಗಡಿ, ಬಸವನಹುಳು, ಹವಳ ಮೊದಲು ಸಾಯುತ್ತವೆ. ಸ್ಟೀಲಿನ ಚಮಚ, ಮೊಳೆ ಉಪ್ಪುನೀರಲ್ಲಿ ತುಕ್ಕು ಹಿಡಿಯುತ್ತವೆ. ಟೈಟೇನಿಯಂ ಮಾತ್ರ ಸರಿ. ಅದಕ್ಕೆ ತಂತಿ ಜೋಡಿಸಿದ ಭಾಗ ನೀರಿನ ಮೇಲೇ ಇರಲಿ.

ಮೀನು ಮೂಲೆ ಹಿಡಿದರೆ, ಮೇಲೆ ಬಂದು ಬಾಯಿ ಬಡಿದರೆ ಕರೆಂಟೇ ಕಾರಣ ಎಂದು ಪ್ರೋಬ್ ತರಿಸುವವರಿದ್ದಾರೆ. ಬಹಳಷ್ಟು ಸಲ ಕಾರಣ ಅಮೋನಿಯಾ ಅಥವಾ ಆಮ್ಲಜನಕದ ಕೊರತೆ. ಮೊದಲು ನೀರನ್ನು ಪರೀಕ್ಷಿಸಿ.

ಸೋರಿಕೆ ಹುಟ್ಟುವ ಜಾಗಗಳು

ಹೀಟರ್ ಎಲ್ಲಕ್ಕಿಂತ ಮುಂದೆ. ಕಾರವಾರ, ಕುಮಟೆಯಲ್ಲಿ ವರ್ಷದ ಬಹುಭಾಗ ಅದರ ಅಗತ್ಯವೇ ಬೀಳುವುದಿಲ್ಲ. ಶಿರಸಿ, ಯಲ್ಲಾಪುರದಲ್ಲಿ ಡಿಸೆಂಬರ್–ಜನವರಿಯ ಚಳಿಗೆ ಬೇಕು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ, 50 ವ್ಯಾಟ್ ಸಾಕು. ಹತ್ತು ತಿಂಗಳು ಅಟ್ಟದಲ್ಲಿದ್ದ ಹೀಟರನ್ನು ಹಾಗೇ ಇಳಿಸಬೇಡಿ. ತಲೆಯ ರಬ್ಬರ್ ಮುಚ್ಚಳ ಒಣಗಿ ಸೀಳಿದೆಯೇ, ಗಾಜಿನ ಒಳಮೈಯಲ್ಲಿ ಆವಿ ಕಟ್ಟಿದೆಯೇ ನೋಡಿ. ಆವಿ ಕಂಡರೆ ಅದರ ಆಯುಸ್ಸು ಮುಗಿಯಿತು. ಕಾದ ಹೀಟರಿನ ಗಾಜು ಬಿರಿಯುವುದು ಹೆಚ್ಚಾಗಿ ನೀರು ಬದಲಿಸುವಾಗ. ಪ್ಲಗ್ ಕಿತ್ತು 15 ನಿಮಿಷ ಬಿಟ್ಟೇ ನೀರು ಇಳಿಸಿ, ಪೂರ್ತಿ ತುಂಬಿದ ಮೇಲೆಯೇ ಪ್ಲಗ್ ಹಾಕಿ.

ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಇಳಿದು ಪಂಪಿನೊಳಗೆ ಸೇರುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಎಂದು ಹೇಳಬೇಕಿಲ್ಲ. ಪಂಪನ್ನು ಮೇಲಿಡಿ, ಇಲ್ಲವೇ ಕೊಳವೆಗೆ ಒಮ್ಮುಖದ ವಾಲ್ವ್ ಹಾಕಿ.

ವೈರುಗಳು ಟ್ಯಾಂಕಿನಿಂದ ನೇರ ಸಾಕೆಟ್ಟಿಗೆ ಇಳಿಯಬಾರದು. ಸಾಕೆಟ್ಟಿಗಿಂತ ಒಂದು ಗೇಣು ಕೆಳಗೆ ಜೋತುಬಿದ್ದು ಮತ್ತೆ ಮೇಲೇರಿ ಪ್ಲಗ್ ಸೇರಬೇಕು. ವೈರಿನಗುಂಟ ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲೆ, ಟ್ಯಾಂಕಿನ ಸ್ಟ್ಯಾಂಡಿನ ಕೆಳಗೆ ಇಡಬೇಡಿ. ಪಕ್ಕದ ಗೋಡೆಗೆ ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿ. ಉಪ್ಪುನೀರಿನ ಟ್ಯಾಂಕಾದರೆ ಬಿಳಿ ಉಪ್ಪಿನ ಪೊರೆ ವೈರು ಹಿಡಿದು ಪ್ಲಗ್ಗಿನವರೆಗೂ ತೆವಳುತ್ತದೆ. ತೇವ ಸಿಕ್ಕ ರಾತ್ರಿ ಅದೇ ವಾಹಕ. ವಾರಕ್ಕೊಮ್ಮೆ ಪ್ಲಗ್ ಕಿತ್ತು ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ವೈರು ಒರೆಸಿ, ಒಣಗಿಸಿ. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಪ್ಲಗ್ ಬದಲಿಸಿ.

ಎಲ್‌ಇಡಿ ಲೈಟಿನ ಎರಡು ಪಿನ್ನಿನ ಅಡಾಪ್ಟರುಗಳಲ್ಲಿ ಫೇಸಿನಿಂದ ಹೊರಬದಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಲೈಟಿನ ಲೋಹ ಕಚ್ಚಿದಂತಾಗುವುದಕ್ಕೆ ಸಾಮಾನ್ಯವಾಗಿ ಅದೇ ಕಾರಣ. ಮೀಟರಿನಲ್ಲಿ 100 ವೋಲ್ಟಿನಷ್ಟು ಕಂಡು, ರೆಸಿಸ್ಟರ್ ಇಟ್ಟರೆ ಕುಸಿಯುತ್ತದೆ. ಕುಸಿಯದಿದ್ದರೆ ಅಡಾಪ್ಟರ್ ಬದಲಿಸಿ. ಹೊಸದರ ಮೇಲೆ 'ಆರ್' ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನೋಂದಣಿ ಸಂಖ್ಯೆ ಇರಬೇಕು. ಎರಡೇ ಎಳೆಯ ವೈರಿಗೆ ಮೂರು ಪಿನ್ನಿನ ಟಾಪ್ ಹಾಕಿದರೆ ಅರ್ತ್ ಹುಟ್ಟುವುದಿಲ್ಲ, ಪಿನ್ನು ಸಾಕೆಟ್ಟಿನಲ್ಲಿ ಬಿಗಿಯಾಗಿ ಕೂರುತ್ತದೆ ಅಷ್ಟೇ. ಪಂಪು ಹೊಸದಾಗಿ ಕೊಳ್ಳುವುದಾದರೆ 12 ಅಥವಾ 24 ವೋಲ್ಟಿನ ಡಿ.ಸಿ. ಪಂಪು ನೋಡಿ. ನೀರೊಳಗೆ 230 ವೋಲ್ಟ್ ಇಳಿಯುವುದೇ ಇಲ್ಲ.

ಇನ್ವರ್ಟರ್ ಮತ್ತು ಗುಡುಗು

ಬ್ಯಾಟರಿಯಲ್ಲಿ ಓಡುವಾಗ ಕೆಲವು ಇನ್ವರ್ಟರುಗಳ ನ್ಯೂಟ್ರಲ್‌ಗೆ ಅರ್ತಿನ ಸಂಪರ್ಕ ಇರುವುದಿಲ್ಲ. ಸೋರಿಕೆಗೆ ಮರಳುವ ದಾರಿಯಿಲ್ಲದೆ ಆರ್‌ಸಿಸಿಬಿ ಬೀಳದೇ ಇರಬಹುದು. ಕರೆಂಟ್ ಹೋಗಿ ಇನ್ವರ್ಟರಿನಲ್ಲಿ ಪಂಪು ಓಡುತ್ತಿರುವಾಗ ಪ್ಲಗ್ ಕೀಳದೆ ಕೈ ಹಾಕಲೇಬೇಡಿ.

ಏಪ್ರಿಲ್–ಮೇ ಸಂಜೆಯ ಗುಡುಗಿಗೂ ಅಕ್ಟೋಬರಿನ ಸಿಡಿಲಿಗೂ ಪ್ಲಗ್ ಕಿತ್ತಿಡುವುದೇ ದಾರಿ. ಆಗ ಮೀನಿಗೆ ಗಾಳಿ ಬೇಕಲ್ಲ, ಬ್ಯಾಟರಿಯ ಚಿಕ್ಕ ಏರ್ ಪಂಪು ಒಂದಿರಲಿ. ಮನೆಯಲ್ಲಿ ಯಾರೂ ಇಲ್ಲದಾಗ ಆರ್‌ಸಿಸಿಬಿ ಬಿದ್ದು ಫಿಲ್ಟರ್ ನಿಂತರೂ ಇದೇ ಮೀನನ್ನು ಉಳಿಸುತ್ತದೆ. ದೀಪ ಇದ್ದಕ್ಕಿದ್ದಂತೆ ಅತಿ ಪ್ರಖರವಾದರೆ ಅಥವಾ ಒಂದು ಕೋಣೆ ಮಂಕಾಗಿ ಇನ್ನೊಂದು ಉರಿದೆದ್ದರೆ ನ್ಯೂಟ್ರಲ್ ಕಡಿದಿದೆ. ಮೇನ್ ಸ್ವಿಚ್ ಇಳಿಸಿ, ಹೆಸ್ಕಾಂಗೆ 1912ರಲ್ಲಿ ತಿಳಿಸಿ, ಲೈನ್‌ಮನ್ ಬಂದು ಸರಿ ಮಾಡುವವರೆಗೆ ಏರಿಸಬೇಡಿ.

ಯಾರಿಗಾದರೂ ಟ್ಯಾಂಕಿನಲ್ಲಿ ಶಾಕ್ ಹೊಡೆದು ಕೈ ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ, ಮೇನ್ ಸ್ವಿಚ್ ಎಲ್ಲಿದೆಯೋ ಅಲ್ಲಿಗೆ ಓಡಿ. ಆ ಸ್ವಿಚ್ ಎಲ್ಲಿದೆ, ಯಾವ ಕಡೆ ತಳ್ಳಿದರೆ ಆರುತ್ತದೆ ಎಂದು ಮನೆಯ ಮಕ್ಕಳಿಗೂ ಹಿರಿಯರಿಗೂ ಇವತ್ತೇ ತೋರಿಸಿಡಿ.